ಎಲೆಯ ಮೇಲಿನ ಮತ

ಅವ್ವ ತೀರಿಕೊಂಡ ಮೇಲೆ, ಹಿಪ್ಪುನೇರಳೆ ಎಲೆಯ ಹಸಿ ವಾಸನೆ ಬಂದಾಗಲೆಲ್ಲ ಹೊಂಗನೂರಿನ ನಮ್ಮ ಮನೆಯ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಮಾರನೆಯ ದಿನ ಚುನಾವಣೆಯಿತ್ತು. ಹೈಸ್ಕೂಲಿನ ಪೌರನೀತಿ ತರಗತಿಯಲ್ಲಿ ಮತ ಹಾಕುವುದನ್ನು ಕಲಿತು ಬಂದ ನಾನು ಅವ್ವನಿಗೂ ಕಲಿಸಿದೆ. ರೇಷ್ಮೆಹುಳ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯೇ ಮರೆ, ಎಲೆಯೇ ಮತಪತ್ರ. ಒಬ್ಬರಿಗಾದರೆ ಎಲೆಯ ತುದಿಗೆ, ಇನ್ನೊಬ್ಬರಿಗಾದರೆ ತೊಟ್ಟಿನ ಬಳಿ ಉಗುರೊತ್ತಬೇಕು. ಅವ್ವ ಮರೆಗೆ ಹೋಗಿ ಒತ್ತಿ, ಎಲೆ ಮಡಚಿಕೊಂಡು ಬಂದಳು.

"ಎಲ್ಲೊತ್ದೆ, ತೋರ್ಸಮ್ಮಿ. ನಾನ್ ಏಳ್ದೋರ್ಗೇ ತಾನೆ?" ಎಂದ ಅಪ್ಪ.

"ತೋರುಸ್ಬಾರ್ದು ಅಂತ ಮೇಷ್ಟ್ರು ಏಳವ್ರೆ," ಎಂದೆ.

ಅವ್ವ ಎಲೆಯನ್ನು ಹುಳುಗಳ ತಟ್ಟೆಗೆ ಹಾಕಿದಳು. "ಒಸಿ ತಡಿ, ಈ ಉಳಾನೇ ಕೇಳೀವಂತೆ."

ಹುಳುಗಳು ಅದನ್ನು ಸರಸರನೆ ಮೇಯ್ದವು.

ಬೆಳಿಗ್ಗೆ ಅಪ್ಪ ಇನ್ನೂ ಚಪ್ಪಲಿ ಹುಡುಕುತ್ತಿದ್ದಾಗಲೇ ಅವ್ವ ಮತಗಟ್ಟೆಯ ದಾರಿ ಹಿಡಿದಿದ್ದಳು.