ಹೇಳಿಕೊಡದ ನಿಯಮ

“ಪೋಕರ್ ಅಂದ್ರೆ ಕಷ್ಟ ಏನಿಲ್ಲ,” ಎನ್ನುತ್ತ ಅವರು ತಮಗೂ ಎದುರು ಕೂತಿದ್ದ ಆಕೆಗೂ ಐದೈದು ಇಸ್ಪೀಟ್ ಎಲೆ ಹಾಕಿದರು. “ಒಂದು ಜೋಡಿಗಿಂತ ಎರಡು ಜೋಡಿ ದೊಡ್ಡದು. ಅದಕ್ಕಿಂತ ಒಂದೇ ಥರದ ಮೂರು ಎಲೆ ದೊಡ್ಡದು. ಎಲೆ ಎಂಥದ್ದೇ ಬರಲಿ, ಮುಖದಲ್ಲಿ ಮಾತ್ರ ಗೊತ್ತಾಗಬಾರದು.”

ಆಕೆ ಶ್ರದ್ಧೆಯಿಂದ ತಲೆಯಾಡಿಸಿದರು. ಪಣಕ್ಕೆ ಹುಣಸೆ ಬೀಜ. ಎಲೆಗಳನ್ನು ಒಮ್ಮೆ ನೋಡಿದವರೇ ತಮ್ಮ ಬೀಜವನ್ನೆಲ್ಲ ಮುಂದಕ್ಕೆ ತಳ್ಳಿಬಿಟ್ಟರು.

ಅವರಿಗೆ ಅಷ್ಟು ಧೈರ್ಯ ಬರಲಿಲ್ಲ. ಎಲೆ ಕೆಳಗಿಟ್ಟು ಸೋಲೊಪ್ಪಿಕೊಂಡರು. “ನಿಮ್ಮ ಹತ್ರ ಏನಿತ್ತು, ತೋರಿಸಿ.”

“ನೀವು ಆಟ ಬಿಟ್ಟಮೇಲೆ ನಾನ್ಯಾಕೆ ತೋರಿಸ್ಲಿ?”

ಅದೂ ನಿಯಮವೇ. ಆದರೆ ಅವರು ಅದನ್ನಿನ್ನೂ ಹೇಳಿಕೊಟ್ಟಿರಲಿಲ್ಲ.

“ಇದನ್ನ ಯಾರು ಕಲಿಸಿದ್ದು?” ಅವರು ಮುಂದಕ್ಕೆ ಬಾಗಿ ಕೇಳಿದರು.

“ನಮ್ಮನೆಯವರು. ಮದುವೆಯಾದ ಹೊಸದರಲ್ಲಿ, ಹೀಗೇ ಹುಣಸೆ ಬೀಜ ಇಟ್ಕೊಂಡು.” ಆಕೆ ನಾಚಿ ನಕ್ಕರು.

“ಅವರ ಮುಖ ನೆನಪಿದೆಯಾ?”

“ಇದೆಂಥ ಪ್ರಶ್ನೆ?” ಆಕೆ ಗೋಡೆಯ ಗಡಿಯಾರ ನೋಡಿದರು. “ಆಫೀಸಿಂದ ಬರೋ ಹೊತ್ತಾಯ್ತು. ಬೇರೆ ಗಂಡಸಿನ ಜೊತೆ ಕೂತು ಎಲೆ ಆಡ್ತಿದ್ರೆ ಬೇಜಾರು ಮಾಡ್ಕೋತಾರೆ. ನೀವಿನ್ನು ಹೊರಡಿ.”

ಅವರು ಚಪ್ಪಲಿ ಮೆಟ್ಟಿ ಹೊರಗೆ ಹೋದರು. ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತರು. ಆಮೇಲೆ ನರೆತ ಕೂದಲನ್ನು ಕೈಯಿಂದಲೇ ಬಾಚಿಕೊಂಡು, ನಲವತ್ತು ವರ್ಷ ಆಕೆಯೊಂದಿಗೆ ಸಂಸಾರ ಮಾಡಿದ ಮನೆಯ ಕರೆಗಂಟೆ ಒತ್ತಿದರು.

ಆಕೆ ಬಾಗಿಲನ್ನು ಅರ್ಧ ಮಾತ್ರ ತೆರೆದರು. “ಯಾರು ಬೇಕಿತ್ತು? ನಮ್ಮನೆಯವರು ಇನ್ನೂ ಬಂದಿಲ್ಲ.”