ಮಾಚಗೌಡನ ರುಜು

ಇತಿಹಾಸದ ಬಿ.ಎ. ಪಾಸಾಗಬೇಕಾದರೆ ಪ್ರಬಂಧಕ್ಕೆ, ಅದು ಹೇಳುವ ಕಾಲದ ಸತ್ತವರೇ ಎದ್ದು ಬಂದು ರುಜು ಹಾಕಬೇಕು. ಎಂಟು ಶತಮಾನದ ಹಿಂದೆ ಸತ್ತಿದ್ದ ಮಾಚಗೌಡ ಕ್ಯಾಂಟೀನ್ ಚಹಾ ಊದಿಕೊಳ್ಳುತ್ತ ಶೈಲಶ್ರೀಯ ಪ್ರಬಂಧ ಓದಿದ.

"ದನಗಳ್ಳರ ಜೊತೆ ಹೋರಾಡಿ ಸತ್ತೆ ಅಂತ ಯಾರಮ್ಮ ಹೇಳಿದ್ದು?"

"ನಿಮ್ಮ ವೀರಗಲ್ಲಲ್ಲೇ ಕೆತ್ತಿದೆ ಗೌಡ್ರೇ."

"ಕಳ್ಳನೂ ಇಲ್ಲ, ಗಿಳ್ಳನೂ ಇಲ್ಲ. ಮನೆ ಹಸು ಒದೀತು, ಸತ್ತೆ."

ಡಿಗ್ರಿ ಹೋಯಿತೆಂದು ಶೈಲಶ್ರೀ ಪ್ರಬಂಧ ವಾಪಸು ತೆಗೆದುಕೊಳ್ಳಲು ಕೈ ಚಾಚಿದಳು. ಗೌಡ ದನಿ ತಗ್ಗಿಸಿದ. "ಹೋಗ್ಲಿ, ರುಜು ಹಾಕ್ತೀನಿ. ನನ್ನ ಹೆಂಡ್ತಿಗೆ ಮಾತ್ರ ಹೇಳ್ಬೇಡ. ಪಾಪ, ಗಂಡ ವೀರ ಅಂತ ನಂಬಿ ಕಲ್ಲು ನಿಲ್ಲಿಸಿದ್ಲು."

ಶೈಲಶ್ರೀ ಹೊರಗೆ ಬಂದರೆ, ಇನ್ನೊಬ್ಬ ವಿದ್ಯಾರ್ಥಿಯ ಪ್ರಬಂಧಕ್ಕೆ ರುಜು ಹಾಕಲು ಆ ಹೆಂಡತಿಯೇ ಬೆಂಚಿನ ಮೇಲೆ ಕೂತಿದ್ದಳು.

"ಹಸು ವಿಷ್ಯ ಬಾಯಿಬಿಟ್ರಾ?" ಎಂದು ಪಿಸುಗುಟ್ಟಿದಳು. "ನಂಗೆ ಗೊತ್ತು ಅಂತ ಹೇಳ್ಬೇಡ ಮಗಾ. ಕಲ್ಲು ಕೆತ್ತಿದೋನಿಗೆ ಕೂಲಿ ಅಂತ ಕೊಟ್ಟಿದ್ದು ಆ ಹಸುನೇ."