ಎರಡು ಡಿಗ್ರಿ

“ಅಲ್ಲಿ ಕೊರೀಬೇಡಪ್ಪ, ಅಡೀಲಿ ಬರೀ ಕಲ್ಲು. ಸಲಾಕೆ ಮುರಿದ್ಹೋಗುತ್ತೆ.”

ಗೆಂಗ್ ಶೂಚಿನ್ ಹೊಲದ ನಡುವೆ ಅಡ್ಡ ನಿಂತಿದ್ದಳು. ಭೂಮಾಪನ ಕಚೇರಿಯ ಯಾನ್ ಕೆ ಸಲಾಕೆ ಎತ್ತಿಕೊಂಡು ಹತ್ತು ಹೆಜ್ಜೆ ಸರಿದು ಮಣ್ಣು ತೆಗೆದ. ಔಹಾನ್ ಸೀಮೆಯ ಗುಡ್ಡಗಳಲ್ಲಿ ಮೂರು ವಾರದಿಂದ ಅವನು ಕಂಡ ರೈತರೆಲ್ಲ ತಮ್ಮ ಹೊಲವನ್ನು ಹೊಗಳಿದವರೇ. ತೆಗಳಿದವಳು ಇವಳೊಬ್ಬಳು.

“ನವಣೆ ಹೇಗೆ ಬರುತ್ತೆ ದೊಡ್ಡಮ್ಮ?”

“ಎಲ್ಲಿ ಬರುತ್ತೆ! ಗುಬ್ಬಿ ಕೂಡ ಇತ್ತ ತಿರುಗಿ ನೋಡಲ್ಲ. ಕೆಟ್ಟ ಹೊಲ ಅಂತ ಬರ್ಕೊಂಡ್ಬಿಡು.”

“ಹಾಗೆ ಬರೆದ್ರೆ ನೀವು ಇಲ್ಲಿ ಬಿತ್ತೋ ಹಾಗಿಲ್ಲ, ಗೊತ್ತಾ?”

“ಹುಲ್ಲು ಬೆಳೆದ್ರೆ ಬೆಳೀಲಿ ಬಿಡು.”

ಅವಳ ಗಂಡ ಎಂದೋ ತೀರಿಕೊಂಡಿದ್ದ. ಒಬ್ಬಳೇ ಮಗಳು ಹತ್ತೊಂಬತ್ತಕ್ಕೇ ಜ್ವರದಲ್ಲಿ ಹೋದಳೆಂದು ಹಳ್ಳಿಯ ಮುಖ್ಯಸ್ಥ ದಾರಿಯಲ್ಲೇ ಹೇಳಿದ್ದ. ಬದುಕಿನ ಮೇಲೇ ಆಸೆ ಬಿಟ್ಟವಳು ಇನ್ನೇನು ಹೇಳಿಯಾಳು ಎಂದುಕೊಂಡ ಯಾನ್ ಕೆ.

ಕಚೇರಿಯಲ್ಲಿ ಮಳೆ, ಬಿಸಿಲು, ಮಣ್ಣು, ಇಳಿಜಾರು ಇವನ್ನೆಲ್ಲ ಪದರಪದರವಾಗಿ ಹಾಸಿದರೆ ನಕ್ಷೆ ತಾನೇ ಬಣ್ಣ ತಳೆಯುತ್ತಿತ್ತು. ಹಸಿರು ಎಂದರೆ ನವಣೆಗೆ ಯೋಗ್ಯ. ಅಂಥ ಹೊಲವನ್ನು ಸರ್ಕಾರದವರು ಯಂತ್ರ ತಂದು ಮೆಟ್ಟಿಲು ಮೆಟ್ಟಿಲಾಗಿ ಕಡಿದು ಕೊಡುತ್ತಾರೆ, ಒಳ್ಳೆಯ ಬೀಜವನ್ನೂ ಕೊಡುತ್ತಾರೆ. ಕೆಂಪಾದರೆ ಬೇಲಿ ಹಾಕಿ ಹುಲ್ಲಿಗೆ ಬಿಡುತ್ತಾರೆ.

ಶೂಚಿನ್‌ಳ ಮಣ್ಣು ಚಿನ್ನದಂಥದು. ಆದರೆ ಇಳಿಜಾರು ಇಪ್ಪತ್ತಾರು ಡಿಗ್ರಿ, ಮಿತಿ ಇಪ್ಪತ್ತೈದು. ಹೊಲ ಕೆಂಪಾಯಿತು.

ಎಂಟು ವರ್ಷದ ಕೆಲಸದಲ್ಲಿ ಯಾನ್ ಕೆ ಒಂದು ಅಂಕಿಯನ್ನೂ ತಿದ್ದಿದವನಲ್ಲ. ಅಂದು ಬಾಗಿಲ ಕಡೆ ಒಮ್ಮೆ ನೋಡಿ, ಇಪ್ಪತ್ತಾರನ್ನು ಇಪ್ಪತ್ತನಾಲ್ಕು ಮಾಡಿದ. ಕೆಂಪಿನ ನಡುವೆ ಅಂಗೈಯಷ್ಟು ಹಸಿರು ಮೂಡಿತು. ಮನೆಗೆ ಹೋಗುವಾಗ ಎದೆ ಹಗುರವಾಗಿತ್ತು.

ವಸಂತದಲ್ಲಿ ಅವನೇ ಬೀಜದ ಚೀಲ ಹೊತ್ತು ಗುಡ್ಡ ಹತ್ತಿದ. ಅವಳ ಮುಖ ಅರಳುವುದನ್ನು ಕಣ್ಣಾರೆ ನೋಡಬೇಕಿತ್ತು. ಯಂತ್ರ ಆಗಲೇ ಹೊಲವನ್ನು ಸೀಳಿ, ನಡುವಿನ ಮಣ್ಣನ್ನೆಲ್ಲ ಕೆಳಗಿನ ಕೊರಕಲಿಗೆ ತಳ್ಳಿತ್ತು. ಹೊಲದ ನಡುವೆ ಅವಳು ಹೇಳಿದ್ದ ಕಲ್ಲು ಒಂದೂ ಇರಲಿಲ್ಲ. ಚಾಲಕ ಎಂಜಿನ್ ಆರಿಸಿ, ದೂರದಲ್ಲಿ ತಲೆ ತಗ್ಗಿಸಿ ನಿಂತಿದ್ದ.

ಶೂಚಿನ್ ಕೊರಕಲಿನಲ್ಲಿ ಮಂಡಿಯೂರಿ ಬರಿಗೈಯಲ್ಲಿ ಮಣ್ಣು ಕೆದಕುತ್ತಿದ್ದಳು. ಉಗುರುಗಳಲ್ಲಿ ರಕ್ತ.

“ದೊಡ್ಡಮ್ಮ, ಇದೇನಿದು? ಹೊಲ ನಿಮಗೇ ಉಳೀತಲ್ಲ! ನಾನೇ… ನಾನೇ ಉಳಿಸಿದ್ದು!”

ಅವಳು ತಲೆ ಎತ್ತಲಿಲ್ಲ.

“ಮಗಳು ಸಿಗ್ತಿಲ್ಲಪ್ಪ. ಮದುವೆಯಾಗದೆ ಸತ್ತವಳಿಗೆ ಮನೆತನದ ಸ್ಮಶಾನದಲ್ಲಿ ಜಾಗ ಇಲ್ಲ ಅಂದ್ರು. ಗುಡ್ಡೆ ಕೂಡ ಎಬ್ಬಿಸದೆ ಇಲ್ಲೇ ಮಲಗಿಸಿ, ಮೇಲೆ ನವಣೆ ಬಿತ್ತಿದ್ದೆ.”